ಸದ್ದು ಕಳಚಿಕೊಂಡ ‘ಕ್ಲಿಕ್’

ಪಟಪಟ, ಚಟಚಟ, ಗುಡುಗುಡು: ಕಿವಿಗೆ ಬಿದ್ದದ್ದನ್ನು ನಾಲಗೆ ಹಾಗೆಯೇ ಹಿಡಿದುಕೊಟ್ಟ ಇಂಥ ಮಾತುಗಳನ್ನು ನಮ್ಮ ವ್ಯಾಕರಣ ಅನುಕರಣಾವ್ಯಯ ಎನ್ನುತ್ತದೆ. ಇಂಗ್ಲಿಷಿನ ‘ಕ್ಲಿಕ್’ ಕೂಡ ಅದೇ ಕುಲದ್ದು. 16ನೆಯ ಶತಮಾನದ ಕೊನೆಯ ಹೊತ್ತಿಗೆ ಬರವಣಿಗೆಯಲ್ಲಿ ಕಾಣಿಸಿಕೊಂಡ ಈ ಪದಕ್ಕೆ ಅಗಳಿ ಬಿದ್ದಾಗಿನಂಥ ಒಣ, ಪುಟ್ಟ ಸದ್ದು ಎಂಬುದಷ್ಟೇ ಅರ್ಥ. ಕನ್ನಡಕ್ಕೆ ಬಂದು ‘ಇಸು’ ಹತ್ತಿಸಿಕೊಂಡಿತು: ಛಾಯಾಗ್ರಾಹಕರು ಚಿತ್ರ ಕ್ಲಿಕ್ಕಿಸುತ್ತಾರೆ. ಗಾಂಧಿನಗರದಲ್ಲಿ ಸಿನಿಮಾವೇ ಕ್ಲಿಕ್ ಆಗುತ್ತದೆ.

1968ರ ಡಿಸೆಂಬರ್ 9ರಂದು ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸನ್ನು ಜನರೆದುರು ತೋರಿಸಿದರು. ಅದರ ಗುಂಡಿಯ ಸದ್ದೇ ಮುಂದೆ ಒತ್ತುವ ಕೆಲಸಕ್ಕೂ ಹೆಸರಾಯಿತು. 1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪಿನಲ್ಲಿ ಜಾವಾಸ್ಕ್ರಿಪ್ಟ್ ರೂಪಿಸಿದ ಮೇಲೆ ‘ಆನ್‌ಕ್ಲಿಕ್’ ಬಂತು. ಪದ ಈಗ ಒಂದು ಇವೆಂಟ್, ಅಂದರೆ ಬ್ರೌಸರ್ ಪುಟಕ್ಕೆ ಕೊಡುವ ಸುದ್ದಿ. ಮೌಸ್ ಒತ್ತಿ ಬಿಟ್ಟರೂ ಮೊಬೈಲ್ ಪರದೆಗೆ ಬೆರಳು ತಾಗಿಸಿದರೂ ಬಟನ್ ಮೇಲಿದ್ದು ಎಂಟರ್ ಕೀಲಿ ಒತ್ತಿದರೂ ಹೋಗುವ ಸುದ್ದಿ ‘ಕ್ಲಿಕ್’ ಎಂದೇ. ಸದ್ದು ಇಲ್ಲವಾಯಿತು, ಬಳಸುವವರ ಇಚ್ಛೆ ಮಾತ್ರ ಪದದಲ್ಲಿ ಉಳಿಯಿತು. ಅದರ ಬಾಳಿನಲ್ಲಿ ನನಗೆ ಅತ್ಯಂತ ಪ್ರಿಯವಾದ ತಿರುವು ಇದು.

ಈ ಸುದ್ದಿಗೆ ಚಲನೆಯೂ ಉಂಟು. ಕನ್ನಡದ 49 ಅಕ್ಷರಗಳನ್ನು 49 ಬಟನ್‌ಗಳಾಗಿ ಪುಟದಲ್ಲಿ ಜೋಡಿಸಿದ್ದೀರಿ ಎನ್ನಿ. ಒಂದೊಂದನ್ನು ಒತ್ತಿದಾಗಲೂ ಅದರ ಉಚ್ಚಾರಣೆ ಕೇಳಿಸಬೇಕು. ಪ್ರತಿ ಬಟನ್‌ಗೂ ‘ಆಡ್‌ಇವೆಂಟ್‌ಲಿಸನರ್’ ಕಟ್ಟಬಹುದು, ಕೆಲಸವೂ ನಡೆಯುತ್ತದೆ. ಆದರೆ ಹಳಗನ್ನಡದ ಱ, ೞ ಎರಡನ್ನೂ ಆಮೇಲೆ ಸೇರಿಸಿದರೆ ಅವು ಮೂಕ. ಅವಕ್ಕೆ ಯಾರೂ ಕಿವಿಗೊಟ್ಟಿಲ್ಲ. ಕ್ಲಿಕ್ ತಾನು ಬಿದ್ದ ಜಾಗದಲ್ಲೇ ನಿಲ್ಲುವುದಿಲ್ಲ, ನೀರಿನ ಗುಳ್ಳೆಯಂತೆ ಒಳಗಿನ ಅಂಶದಿಂದ ಹೊರಗಿನದಕ್ಕೆ, ಅದರಿಂದ ಇನ್ನೂ ಹೊರಗಿನದಕ್ಕೆ ಏರುತ್ತದೆ. ಇದಕ್ಕೆ ‘ಬಬ್ಲಿಂಗ್’ ಎಂದೇ ಹೆಸರು. ನೆಟ್‌ಸ್ಕೇಪ್ ಸುದ್ದಿಯನ್ನು ಮೇಲಿನಿಂದ ಇಳಿಸುತ್ತಿತ್ತು, ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೆಳಗಿನಿಂದ ಏರಿಸುತ್ತಿತ್ತು. ಪುಟದ ಅಂಶಗಳನ್ನು ಕೋಡ್ ಮುಟ್ಟುವ ಬಗೆಗೆ ಡಾಮ್ ಎಂದು ಹೆಸರು; 2000ದಲ್ಲಿ ಬಂದ ಅದರ ಎರಡನೇ ಹಂತದ ಮಾನದಂಡ ಎರಡಕ್ಕೂ ಜಾಗ ಕೊಟ್ಟಿತು.

ಹಾಗಾಗಿ ಅಕ್ಷರಗಳನ್ನೆಲ್ಲ ಹೊತ್ತ ಪೆಟ್ಟಿಗೆಗೆ ಒಂದೇ ಲಿಸನರ್ ಸಾಕು. ಒತ್ತಿದ್ದು ಯಾವುದನ್ನು ಎಂದು ‘ಇವೆಂಟ್.ಟಾರ್ಗೆಟ್’ ಹೇಳುತ್ತದೆ. ಬಟನ್ನಿನೊಳಗೆ ಚಿತ್ರವೋ ಸ್ಪ್ಯಾನೋ ಇದ್ದರೆ ಟಾರ್ಗೆಟ್ ಅದೇ ಆಗಿಬಿಡಬಹುದು, ಆಗ ‘ಕ್ಲೋಸೆಸ್ಟ್’ ಬಳಸಿ ಬಟನ್‌ವರೆಗೆ ಹತ್ತಬೇಕು. ನಾಳೆ ಸೇರುವ ೞಕಾರಕ್ಕೂ ಇದೇ ಸಾಲು ಕೆಲಸ ಮಾಡುತ್ತದೆ. ಒಂದು ಕೋರಿಕೆ: ಆ ಅಕ್ಷರಗಳನ್ನು ಡಿವ್‌ಗಳಲ್ಲಿ ಬರೆಯಬೇಡಿ, ಬಟನ್‌ಗಳಲ್ಲೇ ಬರೆಯಿರಿ. ಬರಿಯ ಡಿವ್ ಮೇಲೆ ಎಂಟರ್ ಒತ್ತಿದರೆ ಕ್ಲಿಕ್ ಹುಟ್ಟುವುದಿಲ್ಲ, ಮೌಸ್ ಹಿಡಿಯಲಾಗದವರಿಗೆ ವರ್ಣಮಾಲೆಯೇ ಸಿಗದೆ ಹೋಗುತ್ತದೆ.