ಕೆಳಸಾಲಿನ ಪೇಂಟರ್

ದಾವಣಗೆರೆಯ ಗೋಡೆಗಳ ಮೇಲೆ ಎಲೆಕ್ಷನ್ ಬರೆಯುತ್ತಿದ್ದ ಕಾಲದಲ್ಲಿ ಮೇಲಿನ ಸಾಲು ನನ್ನ ಜತೆಗಾರನದು, ಕೆಳಗಿನ ಸಾಲು ನನ್ನದು. ನನಗೆ ಏಣಿ ಹತ್ತಲು ಬರುವುದಿಲ್ಲ. ಮೂರು ವರ್ಷದವನಿದ್ದಾಗ ಬಂದ ಜ್ವರ ಮೂರೇ ದಿನಕ್ಕೆ ಇಳಿಯಿತಂತೆ. ಇಳಿಯುವಾಗ ಎಡಗಾಲಿನ ಕಸುವನ್ನೂ ಜತೆಗೆ ಒಯ್ದಿತು. ಅದಕ್ಕೆ ಪೋಲಿಯೊ ಅನ್ನುತ್ತಾರೆಂದು ನಮ್ಮ ಮನೆಯವರಿಗೆ ತಿಳಿದದ್ದು ನಾನು ಶಾಲೆಗೆ ಸೇರಿದ ಮೇಲೆ. ಅಲ್ಲಿಯವರೆಗೆ ಅದು ಊರದೇವತೆ ದುಗ್ಗಮ್ಮನ ಮುನಿಸು.

ಜತೆಗಾರ ಏಣಿಯ ಮೇಲೆ ನಿಂತು ಅಭ್ಯರ್ಥಿಯ ಹೆಸರು ಬರೆಯುವ ಹೊತ್ತಿಗೆ ನಾನು ಕೆಳಗೆ ಗೋಣಿತಾಟು ಹಾಸಿ ಕೂತು ಗುರುತನ್ನೂ ಘೋಷಣೆಯನ್ನೂ ಬರೆಯುತ್ತಿದ್ದೆ. ಹೆಸರು ಮೇಲೆ, ಬೈಗುಳ ಕೆಳಗೆ. ಹೀಗಾಗಿ ಊರಿನ ರಾಜಕೀಯದ ಬೈಗುಳಗಳೆಲ್ಲ ನನ್ನ ಕೈಯಿಂದಲೇ ದಾಟಿ ಹೋಗಿವೆ.

ಆ ಕಸುಬು ಕಾಣದವರಿಗೆ ಸ್ವಲ್ಪ ಹೇಳಬೇಕು. ಪಕ್ಷದ ಹುಡುಗರು ಮೊದಲು ಬಂದು ಸುಣ್ಣ ಬಳಿದು ಗೋಡೆ ಹಿಡಿಯುತ್ತಿದ್ದರು. ಮೂಲೆಯಲ್ಲಿ ಪಕ್ಷದ ಹೆಸರು ಬಿತ್ತೆಂದರೆ ಅದು ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಕೆಂಪಿಗೆ ಕೆಮ್ಮಣ್ಣು, ನೀಲಿಗೆ ಬಟ್ಟೆಗೆ ಹಾಕುವ ನೀಲಿ, ಕಪ್ಪಿಗೆ ಮಸಿ, ಎಲ್ಲಕ್ಕೂ ಒಂದಿಷ್ಟು ಅಂಟು. ನನ್ನ ಮೊದಲ ಎಲೆಕ್ಷನ್ 1978ರ ಫೆಬ್ರವರಿಯದು. ಓಟಿನ ವಯಸ್ಸು ಆಗ 21, ನನಗೆ 20. ಓಟಿಲ್ಲದವನು ಊರಿಗೆಲ್ಲ ಓಟು ಹಾಕಿ ಎಂದು ಬರೆದೆ. ಇಂದಿರಾ ಕಾಂಗ್ರೆಸ್ಸಿಗೆ ಹಸು-ಕರು ಹೋಗಿ ಹಸ್ತ ಬಂದ ಹೊಸತು. ರಟ್ಟಿನಲ್ಲಿ ಒಂದು ಅಂಗೈ ಕತ್ತರಿಸಿಟ್ಟುಕೊಂಡರೆ ದಿನಕ್ಕೆ ಇಪ್ಪತ್ತು ಗೋಡೆ. ಜನತಾ ಪಕ್ಷದ ರೈತ ಮಾತ್ರ ಸತಾಯಿಸುತ್ತಿದ್ದ: ಚಕ್ರದೊಳಗೆ ನಿಲ್ಲಬೇಕು, ಹೆಗಲ ಮೇಲೆ ನೇಗಿಲು ಬೇರೆ. ಕಮ್ಯುನಿಸ್ಟರ ತೆನೆ-ಕುಡುಗೋಲು ನಮ್ಮೂರಲ್ಲಿ ಮಕ್ಕಳಿಗೂ ಬರೆಯಲು ಬರುತ್ತಿತ್ತು. ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡದ್ದು. ಆ ವರ್ಷ ಗೆದ್ದವರು ಸಿಪಿಐನ ಪಂಪಾಪತಿ. 1983ರಲ್ಲೂ ಅವರೇ, 1985ರಲ್ಲೂ ಅವರೇ.

ಪಕ್ಷ ಯಾವುದೇ ಇರಲಿ, ಬೈಗುಳ ಮಾತ್ರ ಒಂದೇ ಅಂಗಡಿಯಿಂದ ಬರುತ್ತಿತ್ತು. ಅಕ್ಕಿ ದುಬಾರಿಯಾದರೆ ಸರ್ಕಾರ ಕುರುಡು. ಮನವಿ ಕೊಟ್ಟರೂ ನೀರು ಬಾರದಿದ್ದರೆ ಪುರಸಭೆ ಕಿವುಡು. ಸದನದಲ್ಲಿ ಬಾಯಿ ಬಿಡದ ಶಾಸಕ ಮೂಗ. ಬಹುಮತ ಸಾಲದಿದ್ದರೆ ಸರ್ಕಾರ ಕುಂಟು. ಎಡದವರು, ಬಲದವರು, ನಡುವಿನವರು ಎಲ್ಲರೂ ತಮ್ಮ ಸಿಟ್ಟನ್ನು ತಂದು ನಮ್ಮಂಥವರ ಮೈಮೇಲೆ ಇಳಿಸುತ್ತಿದ್ದರು. ಅದೇ ಮೈಯವನು ಕೆಳಗೆ ಕೂತು ಆ ಅಕ್ಷರಗಳಿಗೆ ನೆರಳು ಕೊಟ್ಟು ಚೆಂದ ಮಾಡುತ್ತಿದ್ದ.

1983ರ ಜನವರಿಯಲ್ಲಿ ಜನತಾ ಪಕ್ಷಕ್ಕೆ 95 ಸೀಟು ಬಂದು, ಬಿಜೆಪಿ ಮತ್ತು ಎಡಪಕ್ಷಗಳ ಹೊರಗಿನ ಬೆಂಬಲದಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಮಾಡಿದರಲ್ಲ, ಆಗ 'ಊರುಗೋಲಿನ ಸರ್ಕಾರ' ಅನ್ನುವ ಮಾತು ಎಲ್ಲರ ಬಾಯಲ್ಲಿತ್ತು. 1985ರ ಮಾರ್ಚ್‌ನಲ್ಲಿ ಮತ್ತೆ ಎಲೆಕ್ಷನ್ ಬಂತು. ಕೆ.ಟಿ.ಜೆ. ನಗರದ ಕಡೆ ಒಂದು ಉದ್ದನೆಯ ಗೋಡೆಗೆ ಅದನ್ನೇ ಬರೆಯುತ್ತಿದ್ದೆ: ಊರುಗೋಲಿನ ಸರ್ಕಾರ ಸಾಕು. ಪಾಳಿ ಬಿಟ್ಟು ಬರುತ್ತಿದ್ದ ಒಬ್ಬರು ಸೈಕಲ್ ನಿಲ್ಲಿಸಿದರು. ನಾವೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದೆವು. ಒಂದು ಗಿರಣಿಯ ಕಾರ್ಡಿಂಗ್ ಖಾತೆಯಲ್ಲಿ ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ಕಳೆದುಕೊಂಡವರು.

"ತಮ್ಮಾ, ನಿನ್ನ ಕೋಲೆಲ್ಲೈತಿ?"

"ಇಲ್ಲೇ ಗೋಡಿಗೆ ಒರಗಿಸೀನಿ ಕಾಕಾ."

"ಅದರ ತಲೀ ಮ್ಯಾಲೆ ಏನ್ ಬರದೀ, ಓದು."

ಓದಿದೆ. "ಕೂಲಿ ಅಡಿ ಲೆಕ್ಕ ಕಾಕಾ, ಮಾತಿನ ಲೆಕ್ಕ ಅಲ್ಲ" ಅಂದೆ. ಸಾಕು ಎಂಬುದರ 'ಕು' ಉಳಿದಿತ್ತು, ಅದನ್ನೂ ಬರೆದು ಮುಗಿಸಿದೆ. ಬರೆಯುವುದನ್ನು ಅಲ್ಲಿಗೇ ಬಿಟ್ಟೆ ಎಂದು ಹೇಳಿದರೆ ಕತೆಗೆ ಚೆಂದ, ಆದರೆ ಹಾಗಾಗಲಿಲ್ಲ.

ಸಂಜೆ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯ ಬೆಂಚಿನ ಮೇಲೆ ಕಾಕಾ ಮತ್ತೆ ಸಿಕ್ಕರು. "ನಿನ್ನ ಕೋಲು ನಿನ್ನ ನಿಲ್ಲಿಸೇತಿ, ಬೀಳ್ಸಿಲ್ಲ. ನಿಲ್ಲಿಸೋದು ಬೈಗುಳ ಹೆಂಗಾತು?" ಇದು ಅವರ ವಾದ. ಅದು ಬರೀ ಮಾತಿನ ಅಲಂಕಾರ, ಸರ್ಕಾರಕ್ಕೇನು ಕಾಲಿದೆಯೇ ಎಂಬುದು ನನ್ನದು. ಹಾಗೆ ನೋಡಿದರೆ ನಿಮ್ಮ ಯೂನಿಯನ್ನಿನವರೂ ಗೇಟಿನ ಮುಂದೆ ಮಾಲೀಕನನ್ನು ಕುರುಡ, ಕಿವುಡ ಅಂತ ಕೂಗುವುದಿಲ್ಲವೇ ಎಂದೆ. ಕಾಕಾ ಬಹಳ ಹೊತ್ತು ಮಂಡಕ್ಕಿ ಮುಕ್ಕಿದರು. "ಕೂಗೀವಿ. ನಾನೇ ಮುಂದ್ ನಿಂತು ಕೂಗೀನಿ." ಮರುದಿನ ಅದೇ ಹೊತ್ತಿಗೆ ಬಂದು, ನಿನ್ನೆ ಬಿಟ್ಟಲ್ಲಿಂದಲೇ ಶುರು ಮಾಡಿದರು. ವರ್ಷಗಟ್ಟಲೆ ನಡೆದ ಮಾತು ಅದು. ಅವರು ನನ್ನನ್ನು ಒಪ್ಪಲಿಲ್ಲ, ನಾನು ಅವರನ್ನು ಪೂರ್ತಿ ಒಪ್ಪಲಿಲ್ಲ, ಮಿರ್ಚಿ ದುಡ್ಡು ಮಾತ್ರ ಸರದಿಯ ಮೇಲೆ ಕೊಟ್ಟೆವು.

ಅವರಿಂದಲೇ ನಾನು ಬೆರಳಿನ ದರ ಕಲಿತದ್ದು. 1923ರ ಕಾರ್ಮಿಕರ ಪರಿಹಾರ ಕಾಯ್ದೆಗೆ ಒಂದು ಪಟ್ಟಿಯಿತ್ತು. ಹೆಬ್ಬೆರಳು ಪೂರ್ತಿ ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರ ಬೆರಳು ಕಿರುಬೆರಳಿಗೆ ತಲಾ 7. "ನಂದು ಇಪ್ಪತ್ತಾರು" ಎಂದು ಕಾಕಾ ಮಗ್ಗಿ ಒಪ್ಪಿಸುವ ಹಾಗೆ ಹೇಳುತ್ತಿದ್ದರು. ಯೂನಿಯನ್ ಆಫೀಸಿನಲ್ಲಿ ಇಂಥ ಲೆಕ್ಕಕ್ಕೆ ಕೂತವರು ದಿನಾ ಇರುತ್ತಿದ್ದರು. ಅವರನ್ನು ಯಾರೂ ಅಂಗವಿಕಲರು ಅನ್ನುತ್ತಿರಲಿಲ್ಲ. ಅವರು ಕಾರ್ಮಿಕರು, ಕೈಗೆ ಪೆಟ್ಟಾದ ಕಾರ್ಮಿಕರು. ಗಿರಣಿಯಲ್ಲಿ ಹೋದ ಬೆರಳಿಗೆ ಒಂದು ಕಾಯ್ದೆ, ಒಂದು ಸಂಘ, ಒಂದು ಬಾವುಟ ಇತ್ತು. ಜ್ವರದಲ್ಲಿ ಹೋದ ಕಾಲಿಗೆ ದೇವರೊಬ್ಬನೇ. "ನಂಗೆ ರೊಕ್ಕ ಬಂತು, ನಿಂಗೆ ಅಡ್ಡಹೆಸರು ಬಂತು" ಎಂದು ಕಾಕಾ ನಗುತ್ತಿದ್ದರು. ನನಗೂ ನಗು ಬರುತ್ತಿತ್ತು.

ದೇವರ ವಿಷಯ ಬಂತಲ್ಲ, ಹರಿಹರದ ಕಡೆಗೆ ಹೋಗಬೇಕು. ಹರಿಹರ ತಾಲ್ಲೂಕಿನ ಕೊಮಾರನಹಳ್ಳಿಯಲ್ಲಿ, ಮಲೇಬೆನ್ನೂರಿನ ಹತ್ತಿರ, ಹೆಳವನಕಟ್ಟೆ ರಂಗನಾಥನ ಗುಡಿಯಿದೆ. ಹೆಳವ ಅಂದರೆ ಕಾಲಿಲ್ಲದವನು, ಕುಂಟ. ಹೆಳವನೊಬ್ಬನಿಗೆ ಅಲ್ಲಿ ಕಾಲು ಬಂತು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಅದನ್ನು ನಂಬಿಯೇ ನನ್ನನ್ನು ಹೆಗಲ ಮೇಲೆ ಹೊತ್ತು ಅಲ್ಲಿಗೆ ಹೋದಳು. ಮೂರು ದಿನ ಇದ್ದೆವು. ಹದಿನೆಂಟನೆಯ ಶತಮಾನದಲ್ಲಿ ಮಲೇಬೆನ್ನೂರಿಗೆ ಸೊಸೆಯಾಗಿ ಬಂದ ಗಿರಿಯಮ್ಮ ಈ ರಂಗನನ್ನೇ ಅಂಕಿತವಾಗಿಟ್ಟುಕೊಂಡು ಹಾಡು ಕಟ್ಟಿದಳು, 'ಚಂದ್ರಹಾಸನ ಕಥೆ' ಬರೆದಳು. ಇಂದಿಗೂ ಆಕೆ ಹೆಳವನಕಟ್ಟೆ ಗಿರಿಯಮ್ಮ. ಅಂದರೆ ನೂರಾರು ವರ್ಷ ಹೆಂಗಸರು ಬೆಳಗಾಗೆದ್ದು ಹಾಡುವ ಹಾಡಿನ ಕೊನೆಗೆ ಆ ಕುಂಟನ ಹೆಸರಿದೆ. ನನಗೆ ಕಾಲೇನೋ ಬರಲಿಲ್ಲ. ಅಜ್ಜಿ ದೇವರ ಮೇಲೆ ಸಿಟ್ಟಾಗಲಿಲ್ಲ, ಎತ್ತಿನ ಗಾಡಿಯವನ ಮೇಲೆ ಆದಳು, ಬಾಡಿಗೆ ಜಾಸ್ತಿ ಕೇಳಿದನೆಂದು.

ಇನ್ನೊಂದು ಹೆಳವರ ಸಂಗತಿ ಇದಕ್ಕಿಂತ ಸ್ವಾರಸ್ಯದ್ದು. ಸುಗ್ಗಿ ಮುಗಿದ ಮೇಲೆ ಒಕ್ಕಲು ಮನೆಗಳಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು, ಕಾಲು ಕಾಣದಂತೆ ಕಂಬಳಿ ಹೊದ್ದು, ಮನೆತನದ ಏಳೆಂಟು ತಲೆಮಾರಿನ ಹೆಸರುಗಳನ್ನು ಒಂದೂ ತಪ್ಪದೆ ಹೇಳುತ್ತಿದ್ದರು. ಅವರ ಮೂಲಪುರುಷ ಕುಂಟ, ಅವನಿಗೆ ಸವಾರಿಗೆ ಎತ್ತು ಸಿಕ್ಕಿತು, ಆ ಕುಲ ಹೀಗೆ ಬೆಳೆಯಿತು ಎಂಬುದು ಅವರ ಕಥೆ. ಎತ್ತಿನಿಂದ ಇಳಿಯದಿರುವುದೇ ಕಸುಬಿನ ಮರ್ಯಾದೆ. ನಮ್ಮ ಅಜ್ಜಿಯ ತವರಿನಲ್ಲಿ, ನನಗೆ ಏಳೆಂಟು ವರ್ಷ. ಅಂಗಳದಲ್ಲಿ ಗೌಡರಿಂದ ಹಿಡಿದು ಎಲ್ಲರೂ ಆ ಕಂಬಳಿಯ ಮುಂದೆ ಕೈಕಟ್ಟಿ ನಿಂತದ್ದನ್ನು ಕಣ್ತುಂಬ ನೋಡಿದೆ. ಕುಂಟನಿಗೆ ಇಷ್ಟು ಗೌರವ! ಸಂಜೆ ಹಿತ್ತಲಿಗೆ ಹೋದಾಗ ಅದೇ ಹೆಳವಯ್ಯ ಎರಡೂ ಕಾಲಲ್ಲಿ ಗಟ್ಟಿಯಾಗಿ ನಡೆದು ಬೇಲಿಯ ಕಡೆ ಮೂತ್ರಕ್ಕೆ ಹೋಗುತ್ತಿದ್ದ. ಓಡಲಾಗದ ನಾನು ಕಿರುಚಿದೆ. ಅಜ್ಜಿ ಬಾಯಿ ಮುಚ್ಚಿದಳು: "ಸುಮ್ನಿರು. ಎತ್ತಿನ ಮ್ಯಾಲೆ ಕುಂತಾಗ ಹೆಳವ, ಇಳದಾಗ ಅಲ್ಲ."

ಆ ಎತ್ತಿನ ಬೆನ್ನು ನನ್ನ ತಲೆಯಿಂದ ಹೋಗಿಲ್ಲ. ನಮ್ಮ ಸೀಮೆಯಲ್ಲಿ ನಮ್ಮಂಥವರಿಗೆ ಇದ್ದದ್ದು ಎರಡೇ ಜಾಗ. ಒಂದು, ಎತ್ತಿನ ಮೇಲೆ. ಇನ್ನೊಂದು, ನಗೆಪಾಟಲಾಗುವ ಕಡೆ. ದಾವಣಗೆರೆ ಕಂಪನಿ ನಾಟಕದ ಊರು. ಚಿಂದೋಡಿ ವೀರಪ್ಪನವರು 1928ರಲ್ಲಿ ಕಟ್ಟಿದ ಕೆ.ಬಿ.ಆರ್. ಕಂಪನಿಯಿಂದ ಚಿಂದೋಡಿ ಲೀಲಾ ಅವರವರೆಗೆ ಅದರದ್ದೇ ದೊಡ್ಡ ಚರಿತ್ರೆ. ಯಾವ ಕಂಪನಿಯ ಡೇರೆಗೆ ಹೋದರೂ ಹಾಸ್ಯಕ್ಕೊಬ್ಬ ಕಿವುಡ ಮಾವ, ಒಬ್ಬ ತೊದಲ ಇದ್ದೇ ಇರುತ್ತಿದ್ದ. ನಾನೂ ಬಿದ್ದು ಬಿದ್ದು ನಕ್ಕಿದ್ದೇನೆ. ಅದೇ ಕಾಲಕ್ಕೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ನೂರಾರು ಮಕ್ಕಳಿಗೆ ಸಂಗೀತ ಕಲಿಸಿದರು, ನಾಟ್ಯಸಂಘವನ್ನೂ ನಡೆಸಿದರು. ಅವರಿಬ್ಬರಿಗೂ ಕಣ್ಣಿರಲಿಲ್ಲ. 1914ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡ ಪುಟ್ಟರಾಜರನ್ನು ಜನ ತಕ್ಕಡಿಯಲ್ಲಿ ಕೂರಿಸಿ ತುಲಾಭಾರ ಮಾಡಿದರು, 'ನಡೆದಾಡುವ ದೇವರು' ಎಂದರು. ದಾವಣಗೆರೆಯಲ್ಲೂ ಅವರ ಭಕ್ತರು ಸಾವಿರಗಟ್ಟಲೆ. ಆ ಭಕ್ತರಲ್ಲೇ ಒಬ್ಬರು ಗವಾಯಿಗಳ ಪಾದಕ್ಕೆ ಬಿದ್ದು ಎದ್ದು ಬಂದು, ಗೋಡೆಗೆ 'ಕುರುಡು ಆಡಳಿತ' ಬರೆಯಲು ನನಗೆ ಅಡ್ವಾನ್ಸ್ ಕೊಟ್ಟಿದ್ದುಂಟು. ಅವರಿಗೆ ಅದರಲ್ಲಿ ಏನೂ ಎಡವಟ್ಟು ಕಾಣಲಿಲ್ಲ. ನನಗೂ ಆವತ್ತು ಕಾಣಲಿಲ್ಲ.

ಹೈಸ್ಕೂಲಿನಲ್ಲಿ ಮೇಷ್ಟ್ರು ಬಸವಣ್ಣನವರ ಒಂದು ವಚನ ಪಾಠ ಮಾಡಿದರು. ತನ್ನನ್ನು ಹೆಳವನಾಗಿ, ಕುರುಡನಾಗಿ, ಕಿವುಡನಾಗಿ ಮಾಡು ಎಂದು ದೇವರನ್ನು ಬೇಡುವ ವಚನ. ಇಡೀ ತರಗತಿ ತಿರುಗಿ ನನ್ನನ್ನು ನೋಡಿತು, ನಾನೇನೋ ಬೇಡಿಕೊಂಡು ಪಡೆದವನ ಹಾಗೆ.

ಇನ್ನು ಸರ್ಕಾರ ಕೊಟ್ಟ ಹೆಸರುಗಳು. ನನ್ನ ಒಂದೇ ಜೀವಮಾನದಲ್ಲಿ ನಾನು ಕುಂಟನಾಗಿದ್ದೆ, ಅಂಗವಿಕಲನಾದೆ, ಆಮೇಲೆ ವಿಕಲಚೇತನನಾದೆ. 2015ರ ಡಿಸೆಂಬರಿನಲ್ಲಿ ಪ್ರಧಾನಿ ರೇಡಿಯೊದಲ್ಲಿ ದಿವ್ಯಾಂಗ ಅಂದರು, ಅದೂ ಆದೆ. ಕಾಲು ಮಾತ್ರ ಇದ್ದಲ್ಲೇ ಇದೆ. ವಿಕಲಚೇತನ ಎಂಬುದಂತೂ ನನಗೆ ಸೇರದ ಮಾತು. ವಿಕಲವಾದದ್ದು ಕಾಲು, ಚೇತನವಲ್ಲ. ದಿವ್ಯಾಂಗ ಕೇಳಿದಾಗ ಮತ್ತೆ ಎತ್ತಿನ ಮೇಲೆ ಹತ್ತಿಸಿ ಕಂಬಳಿ ಹೊದಿಸಿದ ಹಾಗಾಯಿತು. ಆದರೆ ಹೆಸರಿನ ಬೆನ್ನಿಗೆ ಬಂದ ಕಾಯ್ದೆಗಳನ್ನು ಹಾಗೆ ತಳ್ಳಿಹಾಕಲಾರೆ. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯವನ್ನು ಗುರುತಿಸಿತ್ತು, 2016ರದ್ದು 21ನ್ನು. ಸರ್ಕಾರಿ ಕೆಲಸದಲ್ಲಿ ಮೀಸಲು ಶೇ. 3 ಇದ್ದದ್ದು 4 ಆಯಿತು. ಹತ್ತು ಜನರ ಮುಂದೆ ಬೇಕೆಂದೇ ಅವಮಾನ ಮಾಡಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಎಂದು 92ನೇ ಕಲಮು ಹೇಳುತ್ತದೆ. ಕಾಕಾ ಇದ್ದಿದ್ದರೆ ಆ 21ರ ಪಟ್ಟಿಯನ್ನು ಬೆರಳಿನ ಪಟ್ಟಿಯ ಪಕ್ಕ ಇಟ್ಟು ಓದುತ್ತಿದ್ದರು.

ಗೋಡೆ ಬರಹ ಸತ್ತದ್ದು ಮರ್ಯಾದೆಯ ಕಾರಣಕ್ಕಲ್ಲ. ಬಯಲು ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ ಕಾಯ್ದೆ ಕರ್ನಾಟಕದಲ್ಲಿ 1981ರಿಂದಲೇ ಇತ್ತು, ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಮುಖ್ಯ ಚುನಾವಣಾ ಆಯುಕ್ತರಾಗಿ ಟಿ.ಎನ್. ಶೇಷನ್ ಬಂದ ಮೇಲೆ, 1994ರ ಎಲೆಕ್ಷನ್ನಿನಲ್ಲಿ, ಒಂದು ಗೋಡೆ ಮುಟ್ಟಲೂ ಅಭ್ಯರ್ಥಿಗಳಿಗೆ ಕೈ ನಡುಗಿತು. ಅದರ ಹಿಂದೆಯೇ ಫ್ಲೆಕ್ಸ್. ಗಿರಣಿಗಳೂ ಒಂದೊಂದಾಗಿ ಬಾಗಿಲು ಹಾಕಿದವು, ಬರೆಯಲು ಉದ್ದನೆಯ ಗೋಡೆಯೇ ಉಳಿಯಲಿಲ್ಲ. ನಾನು ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಹರಿಹರದ ವರ್ಕ್‌ಶಾಪುಗಳಲ್ಲಿ 'ಸುರಕ್ಷತೆ ಮೊದಲು' ಬರೆದು ಹೊಟ್ಟೆ ಹೊರೆದೆ.

ಬೈಗುಳ ಗೋಡೆಯಿಂದ ಮೈಕಿಗೆ, ಮೈಕಿನಿಂದ ಟಿವಿಗೆ ಹೋಯಿತು. ಕೊನೆಗೆ 2023ರ ಡಿಸೆಂಬರಿನಲ್ಲಿ ಚುನಾವಣಾ ಆಯೋಗ ಎಲ್ಲ ಪಕ್ಷಗಳಿಗೂ ಬರೆಯಿತು: ಭಾಷಣದಲ್ಲಾಗಲಿ ಬರಹದಲ್ಲಾಗಲಿ ಕುರುಡ, ಕಿವುಡ, ಮೂಗ, ಕುಂಟ, ಹುಚ್ಚ ಎಂಬ ಮಾತುಗಳನ್ನು ಹೀಯಾಳಿಸಲು ಬಳಸಬೇಡಿ. ಅದನ್ನು ಪೇಪರಿನಲ್ಲಿ ಓದುವಾಗ ನನ್ನ ಹಳೆಯ ರೇಟ್ ಕಾರ್ಡು ಓದಿದ ಹಾಗಾಯಿತು; ಒಂದೂ ಬಿಟ್ಟಿರಲಿಲ್ಲ. 2024ರ ಜುಲೈ 8ರಂದು ಸುಪ್ರೀಂ ಕೋರ್ಟು ಒಂದು ಹಿಂದಿ ಸಿನಿಮಾದ ಪ್ರಕರಣದಲ್ಲಿ ಇನ್ನೂ ಸೂಕ್ಷ್ಮವಾದ ಮಾತು ಹೇಳಿತು. ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಆ ಮನುಷ್ಯನನ್ನೇ ಕುಗ್ಗಿಸುವ ಹಾಸ್ಯ ಬೇರೆ. ಆ ಬೆಂಚಿನ ಮೇಲೆ ಕಾಕಾ ನನ್ನ ಅಡ್ಡಹೆಸರಿಗೆ ನಕ್ಕದ್ದಕ್ಕೂ ನಾಟಕದ ಡೇರೆಯಲ್ಲಿ ಊರು ನಕ್ಕದ್ದಕ್ಕೂ ಇದ್ದ ಅಂತರ ನನಗೆ ಗೊತ್ತಿತ್ತು, ಹೇಳಲು ಬಾಯಿ ಇರಲಿಲ್ಲ.

ಕಳೆದ ಸುಗ್ಗಿಯಲ್ಲಿ ಅಣ್ಣನ ಮಗನ ಮನೆಗೆ ಹೆಳವರು ಬಂದಿದ್ದರು. ಈಗ ಎತ್ತಿಲ್ಲ, ಬೈಕು. ಹಿಂದೆ ಕಟ್ಟಿದ ಚೀಲದಲ್ಲಿ ದಪ್ಪನೆಯ ಪುಸ್ತಕಗಳು. ನಮ್ಮ ಮುತ್ತಜ್ಜನ ತಮ್ಮನೊಬ್ಬನ ಹೆಸರಿನ ಹಿಂದೆ 'ಕುಂಟ' ಎಂದಿತ್ತು. ಕುಟುಂಬದಲ್ಲಿ ನಾನೇ ಮೊದಲಿಗ ಎಂದುಕೊಂಡಿದ್ದೆ, ಅಲ್ಲವಂತೆ. ಹೊಸ ಹೆಸರುಗಳನ್ನು ಸೇರಿಸುತ್ತ ಆ ಹುಡುಗ ನನ್ನ ಕಾಲು ನೋಡಿದ, ಪೆನ್ನು ತಡೆದ.

"ಯಜಮಾನ್ರೇ, ನಿಮ್ಮ ಹೆಸರಿನ ಹಿಂದ ಏನ್ ಬರೀಲಿ?"

"ಪೇಂಟರ್ ಅಂತ ಬರಿಯಪ್ಪ."

ಬರೆದ. ಅಕ್ಷರ ಸೊಟ್ಟಗಿತ್ತು, ಕೆಳಗಿನ ಗೆರೆ ದಾಟಿತ್ತು. ಪುಸ್ತಕ ಮುಚ್ಚಿ ಒಂದು ಚೀಲ ಜೋಳ, ಐನೂರು ರೂಪಾಯಿ ಕೇಳಿದ. ಅರ್ಧ ಚೀಲಕ್ಕೆ ಒಪ್ಪಿಸಿದೆ.