ತಲೆ ಕಾಯುವ ಎರಡು ಸೆಂಟಿಮೀಟರ್

ಮಕ್ಕಳ ಸೈಕಲ್ ಹೆಲ್ಮೆಟ್ಟಿನ ಒಳಗೆ ಇರುವುದು ಥರ್ಮೋಕೋಲ್. ಬೆರಳಿನಿಂದ ಒತ್ತಿದರೆ ಕುಳಿ ಬೀಳುವ ಈ ವಸ್ತು ತಲೆಯನ್ನು ಹೇಗೆ ಕಾಪಾಡೀತು? ಇದರ ಹಿಂದೆ ಕುತೂಹಲಕರ ಇತಿಹಾಸವಿದೆ.

1935ರ ಮೇ 13ರಂದು ಇಂಗ್ಲೆಂಡಿನಲ್ಲಿ ಮೋಟಾರ್ ಸೈಕಲ್ ಓಡಿಸುತ್ತಿದ್ದ ‘ಅರೇಬಿಯದ ಲಾರೆನ್ಸ್’ ಖ್ಯಾತಿಯ ಟಿ.ಇ. ಲಾರೆನ್ಸ್, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದರು. ತಲೆಗೆ ಪೆಟ್ಟಾಗಿ ಆರು ದಿನಗಳ ನಂತರ ತೀರಿಕೊಂಡರು. ಅವರಿಗೆ ಚಿಕಿತ್ಸೆ ನೀಡಿದವರಲ್ಲಿ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಒಬ್ಬರು. ಇಂಥ ಸಾವುಗಳನ್ನು ಅಧ್ಯಯನ ಮಾಡಿದ ಕೇರ್ನ್ಸ್, 1941ರಲ್ಲಿ ಹೆಲ್ಮೆಟ್ಟಿನ ಮಹತ್ವ ಕುರಿತು ಲೇಖನ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಮೋಟಾರ್ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿತು. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್ಬೋರ್ನ್ ಜೆಲಟಿನ್ ಮಾದರಿಗಳನ್ನು ಬಳಸಿ, ತಲೆ ಥಟ್ಟನೆ ತಿರುಗಿದಾಗಲೂ ಮಿದುಳಿಗೆ ಹಾನಿಯಾಗುತ್ತದೆಂದು 1943ರಲ್ಲಿ ವಿವರಿಸಿದರು.

ಗಟ್ಟಿ ಚಿಪ್ಪು ಮಾತ್ರ ಸಾಲದು, ಒಳಪದರ ಜಜ್ಜಿಹೋಗಿ ಶಕ್ತಿಯನ್ನು ಹೀರಬೇಕು. ಅಮೆರಿಕದ ರಾತ್ ಮತ್ತು ಲೊಂಬಾರ್ಡ್ 1953ರಲ್ಲಿ ಪೇಟೆಂಟ್ ಪಡೆದ ಹೆಲ್ಮೆಟ್ಟಿನ ತತ್ತ್ವ ಇದೇ. ಲೆಕ್ಕ ಸರಳ. 2 ಮೀಟರ್ ಎತ್ತರದಿಂದ ಬಿದ್ದ ತಲೆಯ ವೇಗ ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 6.3 ಮೀಟರ್. ಅದು 2 ಮಿಲಿಮೀಟರ್ ದೂರದಲ್ಲಿ ನಿಂತರೆ, ಸರಾಸರಿ ಋಣ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷದ ಸುಮಾರು 1000 ಪಟ್ಟು. ಜಜ್ಜಿಹೋಗುವ ಥರ್ಮೋಕೋಲ್ ಆ ದೂರವನ್ನು 2 ಸೆಂಟಿಮೀಟರಿಗೆ ಹಿಗ್ಗಿಸಿದರೆ ಕೇವಲ 100 ಪಟ್ಟು! ಅಮೆರಿಕದಲ್ಲಿ 1999ರಲ್ಲಿ ಜಾರಿಗೆ ಬಂದ ನಿಯಮದ ಪರೀಕ್ಷೆಯಲ್ಲಿ, ಸಮತಟ್ಟಾದ ತಳಕ್ಕೆ ಬೀಳಿಸುವ ಎತ್ತರ 2 ಮೀಟರ್, ಗರಿಷ್ಠ ಮಿತಿ 300 ಪಟ್ಟು.

ಬೆಲ್ ಕಂಪನಿ 1975ರಲ್ಲಿ ಈ ತತ್ತ್ವವನ್ನು ಸೈಕಲ್ ಹೆಲ್ಮೆಟ್ಟಿಗೆ ಅಳವಡಿಸಿತು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ 1990ರಲ್ಲಿ ಎಲ್ಲ ವಯಸ್ಸಿನ ಸೈಕಲ್ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು.

ಆದರೆ ಮಕ್ಕಳ ವಿಷಯದಲ್ಲಿ ಅನಿರೀಕ್ಷಿತ ತೊಡಕೊಂದು ಎದುರಾಯಿತು. ಹೆಲ್ಮೆಟ್ ತೊಟ್ಟೇ ಆಟದ ಸಲಕರಣೆ ಹತ್ತಿದ ಮಕ್ಕಳಲ್ಲಿ ಕೆಲವರು, ಹೆಲ್ಮೆಟ್ ಸಿಕ್ಕಿಕೊಂಡು ಗಲ್ಲದ ಪಟ್ಟಿ ಬಿಗಿದು ಅಸುನೀಗಿದರು. ಹಾಗಾಗಿ ಯೂರೋಪಿನಲ್ಲಿ, ಜೋರಾಗಿ ಎಳೆದಾಗ ತಾನೇ ಬಿಚ್ಚಿಕೊಳ್ಳುವ ಪಟ್ಟಿಯುಳ್ಳ ಚಿಕ್ಕ ಮಕ್ಕಳ ಹೆಲ್ಮೆಟ್ಟಿಗೆ ‘ಇಎನ್ 1080’ ಎಂಬ ಪ್ರತ್ಯೇಕ ಮಾನಕ ಬಂದಿತು.

ಭಾರತದಲ್ಲಿ 2022ರಲ್ಲಿ ಪ್ರಕಟವಾದ ನಿಯಮವು ದ್ವಿಚಕ್ರ ಮೋಟಾರು ವಾಹನದ ಹಿಂಬದಿ ಕೂರುವ, ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿ, ಈ ಮಾನಕವನ್ನೂ ಹೆಸರಿಸಿದೆ.

ಶಿಕ್ಷಕರು ಮಕ್ಕಳಿಗೆ ಮೂರು ಮಾತು ಹೇಳಬೇಕು. ಹೆಲ್ಮೆಟ್ ತಲೆಯ ಅಳತೆಗೆ ಸರಿಹೊಂದಿ ಹಣೆಯನ್ನು ಮುಚ್ಚಿರಲಿ. ಸೈಕಲ್ಲಿನಿಂದ ಇಳಿದು ಆಟಕ್ಕೆ ಹೋಗುವಾಗ ಅದನ್ನು ತೆಗೆದಿಡಿ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ತೊಡಬೇಡಿ. ಜಜ್ಜಿದ ಥರ್ಮೋಕೋಲ್ ಮತ್ತೊಮ್ಮೆ ಆ ಎರಡು ಸೆಂಟಿಮೀಟರ್ ಕೊಡಲಾರದು.