ಶಿಲಾಶಾಸನದಿಂದ ದರಪಟ್ಟಿಗೆ

ವಿಜಯನಗರದ ಚರಿತ್ರೆಯೆಂದೊಡನೆ ನಮ್ಮ ಕಣ್ಮುಂದೆ ಬರುವುದು ಆನೆ, ಕುದುರೆ, ಮುತ್ತುರತ್ನಗಳ ಬೀದಿ. ಕ್ಷೌರಿಕನೊಬ್ಬನ ಹೆಸರು ಅಲ್ಲಿ ಸಿಕ್ಕೀತೆಂದು ಯಾರೂ ಎಣಿಸುವುದಿಲ್ಲ. ಆದರೆ ಸದಾಶಿವರಾಯನ ಆಳ್ವಿಕೆಯ (1542-1570) ಶಾಸನಗಳಲ್ಲಿ ಅಂಥದೊಂದು ಹೆಸರುಂಟು: ಕೊಂಡೋಜ. ಅವನ ಸೇವೆಗೆ ಮೆಚ್ಚಿದ ಅಳಿಯ ರಾಮರಾಯ ನಾಯಿಂದರ ಮೇಲಿದ್ದ ತೆರಿಗೆಯನ್ನೂ ಬಿಟ್ಟಿಯನ್ನೂ ಮಾಫಿ ಮಾಡಿಸಿದ. ಬಾದಾಮಿಯ ಶಾಸನವೊಂದು ಇದಕ್ಕೆ ಸಾಕ್ಷಿ.

ತರಗತಿಯಲ್ಲಿ ಇದನ್ನು ಹೇಳಿದರೆ ಹುಡುಗರು ನಗುತ್ತಾರೆ. ದೊರೆಯ ಗಲ್ಲ ನುಣ್ಣಗಾದುದಕ್ಕೆ ಒಂದು ಕಸುಬಿನ ತೆರಿಗೆಯೇ ಹೋಯಿತೆ ಎಂದು! ನನಗೆ ಆ ಕಲ್ಲಿನಲ್ಲಿ ಕಾಣುವುದು ಬೇರೆಯೇ ಸಂಗತಿ. ಮಾಫಿಯಾಗಬೇಕಾದರೆ ಮೊದಲು ಬಿಟ್ಟಿಯಿರಬೇಕಷ್ಟೆ. ಕತ್ತಿ ಕ್ಷೌರಿಕನದು, ಕೈಯೂ ಅವನದೇ. ಆ ಕೈಯ ದುಡಿಮೆಗೆ ಬೆಲೆ ಕಟ್ಟುವ ಅಧಿಕಾರ ಮಾತ್ರ ಅವನದಲ್ಲ. ಬಿಡುಗಡೆ ಬಂದದ್ದೂ ಕೃಪೆಯಾಗಿ, ಹಕ್ಕಾಗಿ ಅಲ್ಲ.

ಹಳ್ಳಿಯ ಆಯದ ಪದ್ಧತಿಯೂ ಇದೇ ಜಾಡಿನದು. ಬಡಗಿ, ಕಮ್ಮಾರ, ಅಗಸರಂತೆ ನಾಯಿಂದನೂ ಆಯಗಾರ. ಹಡಪವನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ವರ್ಷವಿಡೀ ಕ್ಷೌರ ಮಾಡಬೇಕು. ಮದುವೆಗೆ ಓಲಗ ಊದಬೇಕು, ಕುರುವೆದ್ದರೆ ಕೀಳಬೇಕು. ಸುಗ್ಗಿಯಲ್ಲಿ ಕಣದ ಬದಿಗೆ ನಿಂತರೆ ರೈತ ಅಳೆದು ಕೊಟ್ಟ ಕಾಳೇ ಸಂಬಳ. ಈ ಏರ್ಪಾಡು ಅವನನ್ನು ಉಪವಾಸ ಕೆಡವಲಿಲ್ಲವೆಂಬುದು ನಿಜ. ಆದರೆ ಕೊಡುವ ಕೈ ಮೇಲೆ, ಒಡ್ಡುವ ಕೈ ಕೆಳಗೆ.

ಈ ಕೈಗಳನ್ನು ಸಮಕ್ಕೆ ತಂದದ್ದು ಪಟ್ಟಣ. ಅದಕ್ಕೆ ನೆರವಾದದ್ದು ಕ್ರಾಪು! ಓದಿದವರ ತಲೆಯಿಂದ ಜುಟ್ಟು ಇಳಿದು ಕ್ರಾಪು ಏರಿತು. ಅದನ್ನು ಹದವಾಗಿ ಕತ್ತರಿಸಲು ಕುರ್ಚಿ ಬೇಕು, ಎದುರಿಗೆ ಕನ್ನಡಿ ಬೇಕು. ಅತ್ತ ಅಮೆರಿಕದಲ್ಲಿ 1903ರಲ್ಲಿ ಗಿಲೆಟ್ ಕಂಪನಿ ಬ್ಲೇಡು ಬದಲಾಯಿಸುವ ರೇಜರನ್ನು ಮಾರತೊಡಗಿತು. ಅಂಥ ರೇಜರು ಇಲ್ಲಿಗೂ ಬಂದ ಮೇಲೆ ಗಡ್ಡ ಹೆರೆಯುವುದು ಬಹುಮಂದಿಗೆ ಮನೆಗೆಲಸವಾಯಿತು. ಕ್ಷೌರಿಕನಿಗೆ ತಲೆಗೂದಲೇ ಮುಖ್ಯ ಜೀವನಾಧಾರವಾಯಿತು. ಮನೆಬಾಗಿಲಿಗೆ ಹೋಗುತ್ತಿದ್ದವನ ಬಾಗಿಲಿಗೇ ಗಿರಾಕಿ ಬಂದು, ಸರದಿಗಾಗಿ ಬೆಂಚಿನ ಮೇಲೆ ಪತ್ರಿಕೆ ತಿರುವುತ್ತ ಕುಳಿತ. ಗೋಡೆಯ ಮೇಲೆ ದರಪಟ್ಟಿ ತೂಗಿತು. ಕಟಿಂಗಿಗೆ ಇಷ್ಟು, ಶೇವಿಂಗಿಗೆ ಇಷ್ಟು. ದೊರೆ ಕೆತ್ತಿಸಿದ ಶಾಸನಕ್ಕಿಂತ ಆ ರಟ್ಟಿನ ತುಂಡು ದೊಡ್ಡ ದಾಖಲೆಯೆಂದು ನನ್ನ ಭಾವನೆ. ಏಕೆಂದರೆ ಅದನ್ನು ಬರೆದವನು ಕ್ಷೌರಿಕನೇ.

ಹಾಗೆಂದು ಅಂಗಡಿಯಿಟ್ಟವರೆಲ್ಲ ಸ್ವತಂತ್ರರಾದರೆ? ದಲಿತರ ತಲೆ ಮುಟ್ಟಕೂಡದೆಂಬ ಕಟ್ಟು ಅನೇಕ ಹಳ್ಳಿಗಳಲ್ಲಿ ಅಂಗಡಿಯೊಳಕ್ಕೂ ಬಂತು. 2020ರಲ್ಲಿ ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ದಲಿತರಿಗೆ ಕ್ಷೌರ ಮಾಡಿದವನಿಗೆ ದಂಡ, ಬಹಿಷ್ಕಾರ ಹಾಕಿದರೆಂಬ ದೂರು ಪತ್ರಿಕೆಗಳಲ್ಲಿ ಬಂದಿತ್ತು. ಕುರ್ಚಿ ಅವನದಾದರೂ ಅದರಲ್ಲಿ ಯಾರು ಕೂರಬೇಕೆಂದು ಹೇಳುವವರು ಬೇರೆ! ಬಾಗಿಲಲ್ಲೇ ತಡೆಯಲ್ಪಟ್ಟವನ ಅವಮಾನವಂತೂ ಇನ್ನೂ ದೊಡ್ಡದು.

ಅದೇ ವರ್ಷ ಕೊರೋನಾ ಬಂದು ಅಂಗಡಿಗಳು ಮುಚ್ಚಿದಾಗ ಸ್ವಂತ ಉದ್ಯೋಗದ ಇನ್ನೊಂದು ಮುಖ ಕಂಡಿತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ನೆರವು ಘೋಷಿಸಿತು. ಅಂಗಡಿ ಮುಚ್ಚಿದ ದಿನ ಇವರಿಗೆ ಸಂಬಳವಿಲ್ಲ, ರಜೆಯಿಲ್ಲ, ಮುಂದೆ ಪಿಂಚಣಿಯೂ ಇಲ್ಲವೆಂಬುದು ಆಗ ಪೇಟೆಯ ನಮ್ಮಂಥವರಿಗೂ ಅರಿವಾಯಿತು.

ಈಗ ನಗರಗಳಲ್ಲಿ ಹವಾನಿಯಂತ್ರಿತ ಸಲೂನುಗಳು ಬಂದಿವೆ. ಒಂದೇ ಹೆಸರು, ಊರೂರಿಗೂ ಶಾಖೆ. ಅಲ್ಲಿ ದುಡಿಯುವವನಿಗೆ ಸಮವಸ್ತ್ರ ಸಿಕ್ಕಿದೆ, ಕಸುಬಿಗೆ ಹೊಸ ಹೆಸರು ಬಂದಿದೆ. ಬೇರೆ ಜಾತಿಗಳ ಹುಡುಗರೂ, ಹೆಣ್ಣುಮಕ್ಕಳೂ ಕತ್ತರಿ ಹಿಡಿದಿದ್ದಾರೆ. ಇವೆಲ್ಲ ಒಳ್ಳೆಯ ಮಾತೇ. ಕಸುಬು ಜಾತಿಯ ಹಂಗು ತೊರೆಯುವುದು ಸಣ್ಣ ಸಂಗತಿಯಲ್ಲ. ಆದರೆ ಅಲ್ಲಿಯ ದರಪಟ್ಟಿಯನ್ನು ಬರೆಯುವುದು ಕತ್ತರಿ ಹಿಡಿದವನಲ್ಲ, ಮಾಲೀಕ. ಬಾಡಿಗೆ ಏರಿದಂತೆಲ್ಲ ಒಂದೆರಡು ಕುರ್ಚಿಯ ಚಿಕ್ಕ ಅಂಗಡಿ ಅವನೆದುರು ನಿಲ್ಲುವುದೂ ಕಷ್ಟ.

ಮುಂದಿನ ಬಾರಿ ಕ್ಷೌರಕ್ಕೆ ಕುಳಿತಾಗ ಗೋಡೆಯತ್ತ ಒಮ್ಮೆ ನೋಡಿ. ಅಲ್ಲಿಯ ದರ ಹೆಚ್ಚಾಯಿತೆಂದು ಚೌಕಾಸಿಗಿಳಿಯುವ ಮುನ್ನ, ಅದನ್ನು ಬರೆಯುವ ಅಧಿಕಾರಕ್ಕಾಗಿ ಕ್ಷೌರಿಕ ಎಷ್ಟು ಕಾಲ ಕಾದನೆಂಬುದನ್ನು ನೆನೆದರೆ ಸಾಕು.